ಸಚಿವ ಸ್ಥಾನಗಳು ಮತ್ತು ವಿದೇಶಿ ಪ್ರಭಾವದ ಶಂಕೆ: ಒಂದು ಹಿನ್ನೋಟ

ಕೇಂದ್ರ ಸಂಪುಟದ ಆಯಕಟ್ಟಿನ ಖಾತೆಗಳ ಹಂಚಿಕೆಯಲ್ಲಿ ಹೊರದೇಶಗಳ ಕೈವಾಡವಿದೆಯೇ ಎಂಬ ಪ್ರಶ್ನೆ ಭಾರತದ ರಾಜಕಾರಣದಲ್ಲಿ ಹಲವು ಬಾರಿ ಎದ್ದಿದೆ. ಆರೋಪಗಳು ಗಂಭೀರವಾಗಿದ್ದರೂ ಅವುಗಳನ್ನು ಪುಷ್ಟೀಕರಿಸುವ ದಾಖಲೆಗಳು ವಿರಳ. ಈ ಬಗೆಯ ಮೂರು ಪ್ರಕರಣಗಳ ಹಿನ್ನೆಲೆ ಹಾಗೂ ಅವುಗಳಿಗೆ ಸಂಬಂಧಿಸಿದ ಕಾನೂನಿನ ಸ್ಥಿತಿಯನ್ನು ಇಲ್ಲಿ ಸಂಗ್ರಹಿಸಿ ನೀಡಲಾಗಿದೆ.

ಸಂವಿಧಾನದ ವ್ಯವಸ್ಥೆ

ಸಂವಿಧಾನದ 75(1)ನೇ ವಿಧಿಯಂತೆ ಪ್ರಧಾನಿಯ ಸಲಹೆಯ ಮೇರೆಗೆ ರಾಷ್ಟ್ರಪತಿಯವರು ಸಚಿವರನ್ನು ನೇಮಿಸುತ್ತಾರೆ. ಯಾರಿಗೆ ಯಾವ ಖಾತೆ ಎಂಬುದು ಪ್ರಧಾನಿಯ ವಿವೇಚನೆಗೆ ಬಿಟ್ಟದ್ದು. ಅದಕ್ಕೆ ಕಾರಣ ನೀಡಬೇಕೆಂಬ ನಿಯಮವಿಲ್ಲ. ಸಚಿವ ಸಂಪುಟವು ರಾಷ್ಟ್ರಪತಿಗೆ ನೀಡಿದ ಸಲಹೆ ಏನೆಂಬುದನ್ನು ನ್ಯಾಯಾಲಯಗಳು ವಿಚಾರಿಸುವಂತಿಲ್ಲ ಎಂದು 74(2)ನೇ ವಿಧಿ ಹೇಳುತ್ತದೆ. ಈ ಗೋಪ್ಯತೆಯು ಆಡಳಿತಕ್ಕೆ ಅವಶ್ಯಕವೇ ಆದರೂ, ಕಾರಣ ತಿಳಿಯದ ಬದಲಾವಣೆಯ ಸುತ್ತ ಊಹಾಪೋಹಗಳು ಹುಟ್ಟಲು ಅದೇ ಎಡೆಮಾಡಿಕೊಡುತ್ತದೆ.

2006: ಪೆಟ್ರೋಲಿಯಂ ಖಾತೆಯ ಬದಲಾವಣೆ

ಪ್ರಧಾನಿ ಮನಮೋಹನ್ ಸಿಂಗ್ ಅವರು 2006ರ ಜನವರಿ 29ರಂದು ಸಂಪುಟ ಪುನಾರಚನೆ ಮಾಡಿ, ಮಣಿಶಂಕರ್ ಅಯ್ಯರ್ ಅವರಿಂದ ಪೆಟ್ರೋಲಿಯಂ ಖಾತೆಯನ್ನು ಹಿಂಪಡೆದು ಮುರಳಿ ದೇವ್ರಾ ಅವರಿಗೆ ವಹಿಸಿದರು. ಇರಾನ್‌ನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಅನಿಲ ತರುವ, ಸುಮಾರು 2,700 ಕಿ.ಮೀ. ಉದ್ದದ ಕೊಳವೆ ಮಾರ್ಗದ ಯೋಜನೆಗೆ ಅಯ್ಯರ್ ಪ್ರಬಲ ಬೆಂಬಲಿಗರಾಗಿದ್ದರು. ಅಮೆರಿಕವು ಆ ಯೋಜನೆಯನ್ನು ವಿರೋಧಿಸುತ್ತಿತ್ತು.

ಬದಲಾವಣೆಯ ಸಮಯವೂ ಸಂಶಯಕ್ಕೆ ಇಂಬು ನೀಡಿತು. 2005ರ ಜುಲೈ 18ರಂದು ಉಭಯ ದೇಶಗಳು ಪರಮಾಣು ಸಹಕಾರದ ಘೋಷಣೆ ಹೊರಡಿಸಿದ್ದವು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ ಭಾರತವು ಇರಾನ್ ವಿರುದ್ಧ ಮತ ಹಾಕದಿದ್ದರೆ ಈ ಒಪ್ಪಂದಕ್ಕೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಉಳಿಗಾಲವಿಲ್ಲ ಎಂಬರ್ಥದಲ್ಲಿ ರಾಯಭಾರಿ ಡೇವಿಡ್ ಮಲ್ಫೋರ್ಡ್ ಪುನಾರಚನೆಗೆ ಕೆಲವೇ ದಿನಗಳ ಮೊದಲು ಮಾತನಾಡಿದ್ದರು. ಫೆಬ್ರವರಿ 4ರಂದು ಭಾರತವು ಇರಾನ್ ವಿರುದ್ಧ ಮತ ಚಲಾಯಿಸಿತು.

ಐದು ವರ್ಷಗಳ ನಂತರ, 2011ರ ಮಾರ್ಚ್‌ನಲ್ಲಿ 'ದಿ ಹಿಂದೂ' ಪತ್ರಿಕೆಯು ವಿಕಿಲೀಕ್ಸ್ ಮೂಲಕ ದೊರೆತ ರಾಯಭಾರ ಕಚೇರಿಯ ತಂತಿ ಸಂದೇಶಗಳನ್ನು ಪ್ರಕಟಿಸಿತು. ಪುನಾರಚನೆಯ ಮರುದಿನ ಮಲ್ಫೋರ್ಡ್ ಕಳುಹಿಸಿದ್ದ ವರದಿಯೂ ಅವುಗಳಲ್ಲಿತ್ತು. ಹೊಸ ಸಂಪುಟವು ಅಮೆರಿಕದ ಪರ ವಾಲಿದೆಯೆಂದೂ, ಇದು ತಮ್ಮ ದೇಶದ ಗುರಿಗಳಿಗೆ ಅನುಕೂಲಕರವೆಂದೂ ಅದರಲ್ಲಿ ಹೇಳಲಾಗಿತ್ತು. ದೇವ್ರಾ ಅವರನ್ನು ಅಮೆರಿಕದ ಪರವಾದವರೆಂದು ಬಣ್ಣಿಸಲಾಗಿತ್ತು. ವಿರೋಧ ಪಕ್ಷಗಳು ಇದನ್ನು ಪುರಾವೆಯೆಂದೇ ವಾದಿಸಿದವು. ಇಂಥ ಸಂದೇಶಗಳ ಸತ್ಯಾಸತ್ಯತೆಯನ್ನಾಗಲಿ ಅಸ್ತಿತ್ವವನ್ನಾಗಲಿ ಸರ್ಕಾರ ದೃಢೀಕರಿಸಲಾಗದೆಂಬುದು ಆಗ ಪ್ರಧಾನಿಯವರು ಸಂಸತ್ತಿನಲ್ಲಿ ತಳೆದ ನಿಲುವಾಗಿತ್ತು.

ಆದರೆ ವರದಿಯು ಬದಲಾವಣೆಯಾದ ನಂತರ ಬರೆದದ್ದು. ಅದು ಅಮೆರಿಕದ ಸಂತೋಷಕ್ಕೆ ಸಾಕ್ಷಿಯೇ ಹೊರತು, ಅಮೆರಿಕ ಆ ಬದಲಾವಣೆ ಮಾಡಿಸಿತೆಂಬುದಕ್ಕಲ್ಲ. ದೇವ್ರಾ ಸಚಿವರಾದ ಬಳಿಕವೂ ಕೊಳವೆ ಮಾರ್ಗದ ಮಾತುಕತೆ ನಿಲ್ಲಲಿಲ್ಲ. 2008ರಲ್ಲಿ ಅವರೇ ಇಸ್ಲಾಮಾಬಾದಿಗೆ ತೆರಳಿ ಚರ್ಚೆ ನಡೆಸಿದ್ದರು. ಭಾರತ ಆ ಯೋಜನೆಯಿಂದ ದೂರ ಸರಿದದ್ದು ಆನಂತರ.

2009: ವಾಷಿಂಗ್ಟನ್ನಿನ ಪ್ರಶ್ನಾವಳಿ

ಅದೇ ಸಂದೇಶಗಳ ಪೈಕಿ ಇನ್ನೊಂದು, 2009ರ ಸೆಪ್ಟೆಂಬರ್‌ನಲ್ಲಿ ಹಿಲರಿ ಕ್ಲಿಂಟನ್ ಅವರ ಇಲಾಖೆಯಿಂದ ದೆಹಲಿಗೆ ಬಂದದ್ದು. ಹಣಕಾಸು ಖಾತೆಗೆ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಅವರ ಬದಲು ಪ್ರಣವ್ ಮುಖರ್ಜಿ ಏಕೆ ಆಯ್ಕೆಯಾದರು, ಮುಖರ್ಜಿ ಅವರು ಯಾವ ಉದ್ಯಮ ಸಮೂಹಗಳಿಗೆ ಋಣಿಯಾಗಿದ್ದಾರೆ ಎಂದು ಅದರಲ್ಲಿ ಕೇಳಲಾಗಿತ್ತು. ನೇಮಕದ ಕಾರಣವನ್ನು ನೇಮಕದ ನಂತರ ವಿಚಾರಿಸುವವರು ಆ ನೇಮಕ ಮಾಡಿಸಿದವರಾಗಿರಲಾರರು. ಆಸಕ್ತಿಯ ಆಳವನ್ನು ತೋರುವ ದಾಖಲೆಯೇ ಇಲ್ಲಿ ಪ್ರಭಾವದ ಮಿತಿಯನ್ನೂ ತೋರುತ್ತದೆ.

ಮೊರಾರ್ಜಿ ದೇಸಾಯಿ ಪ್ರಕರಣ

ಆರೋಪದಿಂದ ವ್ಯಕ್ತಿಗೆ ಆಗಬಹುದಾದ ಹಾನಿಗೆ ಮೊರಾರ್ಜಿ ದೇಸಾಯಿ ಅವರ ಪ್ರಕರಣ ನಿದರ್ಶನ. ಇಂದಿರಾ ಗಾಂಧಿ ಅವರ ಸಂಪುಟದಲ್ಲಿದ್ದಾಗ ದೇಸಾಯಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮಾಹಿತಿದಾರರಾಗಿದ್ದರು, ಅದಕ್ಕಾಗಿ ವರ್ಷಕ್ಕೆ 20,000 ಡಾಲರ್ ಪಡೆಯುತ್ತಿದ್ದರು ಎಂದು ಪತ್ರಕರ್ತ ಸೀಮೋರ್ ಹರ್ಷ್ 1983ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದರು. ದೇಸಾಯಿ ಅದನ್ನು ಅಲ್ಲಗಳೆದು ಅಮೆರಿಕದಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. ದೇಸಾಯಿ ಮಾಹಿತಿದಾರರಾಗಿದ್ದರೆಂಬುದನ್ನು ಹೆನ್ರಿ ಕಿಸಿಂಜರ್ ಸಾಕ್ಷ್ಯ ನುಡಿದು ನಿರಾಕರಿಸಿದರು. ಆದರೂ 1989ರಲ್ಲಿ ಷಿಕಾಗೋದ ನ್ಯಾಯದರ್ಶಿ ಮಂಡಲಿ ಹರ್ಷ್ ಪರವಾಗಿ ತೀರ್ಪಿತ್ತಿತು. ಆಗ ದೇಸಾಯಿ ಅವರಿಗೆ 93 ವರ್ಷ.

ಅಮೆರಿಕದ ಕಾನೂನಿನಲ್ಲಿ ಸಾರ್ವಜನಿಕ ವ್ಯಕ್ತಿಯು ಬರಹ ಸುಳ್ಳೆಂದು ತೋರಿಸಿದರಷ್ಟೇ ಸಾಲದು. ಲೇಖಕನು ಸುಳ್ಳೆಂದು ತಿಳಿದೇ ಅಥವಾ ಸತ್ಯವನ್ನು ಲೆಕ್ಕಿಸದೆ ಬರೆದನೆಂದೂ ಸಿದ್ಧಪಡಿಸಬೇಕು. ಆದ್ದರಿಂದ ಈ ತೀರ್ಪನ್ನು ಆರೋಪ ರುಜುವಾತಾಯಿತೆಂದು ಓದುವುದು ಸರಿಯಲ್ಲ. ಆದರೆ ಕಳಂಕ ಪೂರ್ತಿಯಾಗಿ ಅಳಿಯಲೂ ಇಲ್ಲ.

ಕಾನೂನಿನ ರಕ್ಷಣೆ

ರಾಜಕೀಯ ಪಕ್ಷಗಳು, ಶಾಸಕರು, ನ್ಯಾಯಾಧೀಶರು ಮತ್ತು ಸರ್ಕಾರಿ ನೌಕರರು ವಿದೇಶಿ ದೇಣಿಗೆ ಪಡೆಯುವುದನ್ನು 1976ರ ಕಾಯಿದೆ ನಿಷೇಧಿಸಿತ್ತು. 2010ರ ಹೊಸ ಕಾಯಿದೆಯೂ ಆ ನಿಷೇಧವನ್ನು ಉಳಿಸಿಕೊಂಡಿತು. ಆದರೆ 2016 ಮತ್ತು 2018ರ ಹಣಕಾಸು ಕಾಯಿದೆಗಳ ಮೂಲಕ 'ವಿದೇಶಿ ಮೂಲ' ಎಂಬುದರ ವ್ಯಾಖ್ಯೆಯನ್ನು ಸಡಿಲಿಸಿ, ಅದನ್ನು 1976ರಿಂದಲೇ ಪೂರ್ವಾನ್ವಯಗೊಳಿಸಲಾಯಿತು. ಹಳೆಯ ದೇಣಿಗೆಗಳ ವಿಚಾರಣೆಗೆ ಇದರಿಂದ ಅಡ್ಡಿಯಾಯಿತೆಂಬ ಟೀಕೆ ಕೇಳಿಬಂದಿತು.

ಹೊರದೇಶದ ಆಸಕ್ತಿ, ಅದರ ಸಂತೃಪ್ತಿ ಮತ್ತು ಅದರ ಪ್ರಭಾವ ಇವು ಮೂರೂ ಬೇರೆ ಬೇರೆ. ಮೊದಲೆರಡು ರಾಯಭಾರ ಕಚೇರಿಗಳ ನಿತ್ಯದ ವರದಿಗಳಲ್ಲಿಯೇ ಸಿಗುತ್ತವೆ. ಮೂರನೆಯದನ್ನು ಸ್ಥಾಪಿಸಲು ನೇಮಕಕ್ಕೆ ಮುನ್ನ ಬಂದ ಒತ್ತಡ, ಹಣ ಅಥವಾ ಷರತ್ತಿನ ದಾಖಲೆ ಬೇಕು. ಅದು ನಮ್ಮದೇ ಕಡತಗಳಲ್ಲಿ ಇದ್ದರೆ ಅವುಗಳನ್ನು ಕಾಲಕಾಲಕ್ಕೆ ಪತ್ರಾಗಾರಕ್ಕೆ ಒಪ್ಪಿಸಿ, ಸಂಶೋಧಕರಿಗೆ ತೆರೆಯುವುದು ಸರ್ಕಾರದ ಹೊಣೆ. ಆ ತನಕ ತಮ್ಮ ಸಚಿವರ ನೇಮಕದ ವಿಷಯವನ್ನು ಭಾರತೀಯರು ಅನ್ಯದೇಶದ ರಾಯಭಾರಿಯ ಪತ್ರಗಳಿಂದಲೇ ತಿಳಿಯಬೇಕಾಗುತ್ತದೆ.