ಈಗ ಏಳುತ್ತಿರುವ ಹಳೆಯ ಕೋಟೆ

ಕೋಟೆ ಎಂದರೆ ನಮಗೆ ಬಿದ್ದ ಗೋಡೆ, ಬೆಳೆದ ಪೊದೆ, ಇಂಥ ಅರಸ ಇಂಥ ವರ್ಷ ಗೆದ್ದ ಎಂಬ ಟಿಪ್ಪಣಿ. ಅದನ್ನು ಹೇಗೆ ಕಟ್ಟಿದರು ಎಂಬ ಪ್ರಶ್ನೆ ಪರೀಕ್ಷೆಗೆ ಬಂದದ್ದಿಲ್ಲ. ಫ್ರಾನ್ಸಿನ ಬರ್ಗಂಡಿ ಸೀಮೆಯ ಕಾಡೊಂದರಲ್ಲಿ ಆ ಪ್ರಶ್ನೆಗಾಗಿಯೇ ಒಂದು ಕೋಟೆ ಏಳುತ್ತಿದೆ. ಹೆಸರು ಗೆಡೆಲಾನ್. ಮಗಳ ಮನೆಗೆ ಹೋಗಿದ್ದಾಗ ಅದನ್ನು ನೋಡುವ ಅವಕಾಶ ನನಗೆ ಒದಗಿತು.

ಕೆಲಸ ಶುರುವಾದದ್ದು 1997ರಲ್ಲಿ. ಮಿಷೆಲ್ ಗುಯೋ, ಮೇರಿಲಿನ್ ಮಾರ್ಟಿನ್ ಎಂಬಿಬ್ಬರು ಮುಂದೆ ನಿಂತವರು. 13ನೇ ಶತಮಾನದ ವಿಧಾನದಲ್ಲೇ ಕಟ್ಟಬೇಕೆಂಬುದು ಅವರ ಹಟ. ಹಳೆಯ ಕಲ್ಲುಗಣಿಯನ್ನೇ ಆರಿಸಿಕೊಂಡದ್ದರಿಂದ ಕಲ್ಲು ಕಾಲಡಿಯಲ್ಲೇ ಇದೆ, ಓಕ್ ಮರ ಸುತ್ತಲೂ ಇದೆ. ಸಾಗಿಸಲು ಕುದುರೆ ಗಾಡಿ.

ನಾನು ಬಹಳ ಹೊತ್ತು ನಿಂತದ್ದು ಎರಡು ಕಡೆ. ಒಂದು, ಆಳೆತ್ತರ ಮೀರಿದ ಮರದ ಚಕ್ರದ ಮುಂದೆ. ಒಳಗೆ ಮನುಷ್ಯ ನಡೆಯುತ್ತಾನೆ, ಚಕ್ರ ತಿರುಗುತ್ತದೆ, ಹಗ್ಗ ಸುತ್ತಿಕೊಂಡು ಕಲ್ಲು ಮೇಲೇರುತ್ತದೆ. ಇನ್ನೊಂದು, ಹದಿಮೂರು ಗಂಟಿನ ಹಗ್ಗದ ಮುಂದೆ. ಗಂಟುಗಳ ನಡುವೆ ಹನ್ನೆರಡು ಸಮ ಅಂತರ. ಮೂರು, ನಾಲ್ಕು, ಐದು ಅಂತರಗಳ ತ್ರಿಕೋನವಾಗಿ ಎಳೆದು ಹಿಡಿದರೆ ಒಂದು ಮೂಲೆ ಸರಿಯಾಗಿ ಲಂಬಕೋನ. ನಾವು ಕಪ್ಪು ಹಲಗೆಯ ಮೇಲೆ ಬಾಯಿಪಾಠ ಒಪ್ಪಿಸಿದ ಪೈಥಾಗೊರಸ್ ಪ್ರಮೇಯ ಅಲ್ಲಿ ಗೋಡೆಗೆ ಮೂಲೆ ಹಾಕಿಕೊಡುತ್ತಿತ್ತು! ಕೆಲಸಗಾರರ ಉಡುಪು ಹಳೆಯ ಕಾಲದ್ದೇ. ಆದರೆ ಕಲ್ಲು ಕೆತ್ತುವವರ ಕಣ್ಣಿಗೆ ಇಂದಿನ ರಕ್ಷಣೆಯ ಕನ್ನಡಕ. ಕಾನೂನು ಬಿಡುವುದಿಲ್ಲ, ಬಿಡಲೂಬಾರದು.

ಕ್ರೇನ್ ತಂದರೆ ಎಂದೋ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬರಹಕ್ಕೆ ಇಳಿಯದ ವಿದ್ಯೆಯನ್ನು ಮಾಡಿಯೇ ತಿಳಿಯಬೇಕು. 2019ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಮರದ ಛಾವಣಿ ಸುಟ್ಟುಹೋಯಿತು. ಹಸಿ ಓಕ್ ದಿಮ್ಮಿಯನ್ನು ಕೊಡಲಿಯಲ್ಲೇ ಕೆತ್ತಿ ತೊಲೆ ಮಾಡಬಲ್ಲವರು ಬೇಕಾದರು. ಗೆಡೆಲಾನಿನಲ್ಲಿ ಕೈ ಪಳಗಿದ ಬಡಗಿಗಳೂ ಆ ಕೆಲಸಕ್ಕೆ ಹೋದರು. 2024ರ ಡಿಸೆಂಬರಿನಲ್ಲಿ ಚರ್ಚಿನ ಬಾಗಿಲು ಮತ್ತೆ ತೆರೆಯಿತು.

ಹಂಪಿಯ ಬಂಡೆಗಳ ಮೇಲೆ ಸಾಲಾಗಿ ತೋಡಿದ ಗುಳಿಗಳನ್ನು ನೀವೂ ನೋಡಿರುತ್ತೀರಿ. ಬೆಣೆ ಇಟ್ಟು ಬಂಡೆ ಸೀಳಿದ ಗುರುತು ಅದು. ಗುಳಿ ಎಷ್ಟು ಆಳ, ಎಷ್ಟು ದೂರಕ್ಕೊಂದು, ಕಲ್ಲಿನ ಎಳೆ ನೋಡುವುದು ಹೇಗೆ ಎಂಬುದು ನಮ್ಮೂರಿನ ಕಲ್ಲು ಕೆಲಸದ ಹಿರಿಯರಿಗೆ ಗೊತ್ತು. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಮುಂದಿನ ಸಲ ಶಾಲೆಯ ಪ್ರವಾಸ ಹಂಪಿಗೆ ಹೊರಟಾಗ ಅವರಲ್ಲೊಬ್ಬರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಎಂದು ಇತಿಹಾಸದ ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ. ಅವರ ಟಿಕೆಟ್ಟಿನ ಖರ್ಚು ನನ್ನದು.