ಅಡಿಗೆಮನೆಯ ಸನ್ಯಾಸಿ

ಬೆಳಗಿನ ಐದು ಗಂಟೆಗೆ ಎದ್ದರೆ ಶಾಲೆಗೆ ಹೊರಡುವವರೆಗೂ ನನಗೆ ಬಿಡುವಿಲ್ಲ. ದೇವರಿಗೆ ದೀಪ ಹಚ್ಚುವಾಗಲೂ ಕಿವಿ ಕುಕ್ಕರಿನ ಕೂಗಿನ ಮೇಲೆಯೇ. ಗಂಟೆಗಟ್ಟಲೆ ಜಪ ಮಾಡುತ್ತಿದ್ದ ನಮ್ಮತ್ತೆ, "ನಿನಗೆ ಭಕ್ತಿಯೇ ಇಲ್ವಲ್ಲೇ" ಎಂದು ಒಮ್ಮೆ ಅಂದದ್ದು ಇಂದಿಗೂ ಚುಚ್ಚುತ್ತದೆ. ಅವರ ಜಪ ನಡೆಯುವಷ್ಟು ಹೊತ್ತೂ ಒಲೆಯ ಮುಂದೆ ನಿಂತವಳು ನಾನೇ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ, ಕ್ರೈಸ್ತರಾದ ನಮ್ಮ ಟೀಚರೊಬ್ಬರು ಮರುದಿನ ಒಂದು ಪುಟ್ಟ ಇಂಗ್ಲಿಷ್ ಪುಸ್ತಕ ತಂದುಕೊಟ್ಟರು. ಬ್ರದರ್ ಲಾರೆನ್ಸ್ ಎಂಬ ಅಡಿಗೆಯವನ ಮಾತುಗಳು ಮತ್ತು ಪತ್ರಗಳು. ಇತಿಹಾಸ ಕಲಿಸುವವಳಲ್ಲವೇ, ನಾನು ಮೊದಲು ಹುಡುಕಿದ್ದು ಇಸವಿಗಳನ್ನು!

ಆತನ ಹುಟ್ಟುಹೆಸರು ನಿಕೋಲಾ ಹೆರ್ಮಾನ್. ಊರು ಈಗಿನ ಫ್ರಾನ್ಸಿನ ಲೊರೇನ್ ಪ್ರಾಂತದ ಒಂದು ಹಳ್ಳಿ. ಹದಿನೆಂಟರ ಪ್ರಾಯದಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಮರವೊಂದನ್ನು ಕಂಡು, ಇದು ಮತ್ತೆ ಚಿಗುರುತ್ತದಲ್ಲ ಎಂದು ಯೋಚಿಸಿದಾಗ ಮನಸ್ಸು ದೇವರ ಕಡೆ ತಿರುಗಿತಂತೆ. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡು, ಕುಂಟುತ್ತ ಮರಳಿದ. ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಿದ್ದನಂತೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠ ಸೇರಿದ. ಪಾದ್ರಿಯಾಗುವಷ್ಟು ಓದಿದವನಲ್ಲ. ಅಡಿಗೆಮನೆಗೆ ಹಾಕಿದರು.

ಆ ಕೆಲಸ ಆತನಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ! ಆದರೂ ಸುಮಾರು ಹದಿನೈದು ವರ್ಷ ಮಾಡಿದ. ಮುಂದೆ ಚಪ್ಪಲಿ ಹೊಲಿಯುವ ಕೆಲಸ. ಕೆಲಸಕ್ಕೆ ಕೈ ಹಾಕುವ ಮುನ್ನ ದೇವರಲ್ಲಿ ಒಂದು ಮಾತು, ನಡುವೆ ಒಂದು ಮಾತು, ಮುಗಿದಾಗ ಒಂದು ನಮಸ್ಕಾರ. ತಪ್ಪಾದರೆ ಒಪ್ಪಿಕೊಂಡು, ಕೊರಗದೆ ಮುಂದಿನ ಕೆಲಸ. ಪ್ರಾರ್ಥನೆಯ ಹೊತ್ತಿಗೂ ಪಾತ್ರೆಗಳ ಸದ್ದಿನ ಹೊತ್ತಿಗೂ ತನಗೆ ವ್ಯತ್ಯಾಸವಿಲ್ಲವೆನ್ನುತ್ತಿದ್ದ. ಈ ನೆಮ್ಮದಿ ಸುಮ್ಮನೆ ಬಂದದ್ದಲ್ಲ. ಮೊದಲ ಸುಮಾರು ಹತ್ತು ವರ್ಷ ತನಗೆ ಮುಕ್ತಿಯೇ ಇಲ್ಲವೆಂದು ಒದ್ದಾಡಿದವನು ಆತ. 1666ರಲ್ಲಿ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಈ ಅಡಿಗೆಯವನನ್ನು ಹುಡುಕಿಕೊಂಡು ಬಂದು ಮಾತಾಡಿ, ಕೇಳಿದ್ದನ್ನು ಬರೆದಿಟ್ಟರು. 1691ರಲ್ಲಿ ಲಾರೆನ್ಸ್ ತೀರಿಕೊಂಡ ಮೇಲೆ ಅದೆಲ್ಲ ಅಚ್ಚಾಯಿತು.

ಆದರೆ ನನ್ನೊಳಗೆ ಒಂದು ತಕರಾರು ಎದ್ದಿತು. ಆತ ಮಠವನ್ನು ತಾನೇ ಆರಿಸಿಕೊಂಡವನು. ಒಲೆಯ ಮುಂದೆ ನಮ್ಮನ್ನು ನಿಲ್ಲಿಸುವಾಗ ಯಾರು ಕೇಳಿದ್ದರು? ದುಡಿಮೆಯೇ ಪ್ರಾರ್ಥನೆಯೆಂದು ಹೇಳಿ ಹೆಂಗಸರನ್ನು ಸುಮ್ಮನಾಗಿಸುವುದು ಬಹಳ ಸುಲಭ.

ಈ ತಕರಾರಿಗೆ ಉತ್ತರದಂಥದ್ದು ಸಿಕ್ಕಿದ್ದು ಇನ್ನೂ ಹಿಂದಿನ ಇತಿಹಾಸದಲ್ಲಿ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ ಬರೆದ ನಿಯಮಗಳಲ್ಲಿ ಅಡಿಗೆಮನೆಯ ಸೇವೆ ವಾರದ ಸರದಿ. ಕಾಯಿಲೆಯವರಿಗೆ, ಬೇರೆ ಮುಖ್ಯ ಹೊಣೆಯಿದ್ದವರಿಗೆ ವಿನಾಯಿತಿ, ಉಳಿದವರಿಗೆಲ್ಲ ಸೌಟು! ಸರದಿ ಮುಗಿಸಿದವನು ಕೈವಸ್ತ್ರಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಬೇಕು. ಭಾನುವಾರ ಬೆಳಿಗ್ಗೆ ಮುಗಿಸಿದವರೂ ಶುರುಮಾಡುವವರೂ ಎಲ್ಲರ ಮುಂದೆ ಮಂಡಿಯೂರುತ್ತಾರೆ. ಇಡೀ ಮಠ ಅವರಿಗಾಗಿ ಪ್ರಾರ್ಥಿಸುತ್ತದೆ. ಅಡಿಗೆ ಮಾಡಿದವನಿಗಾಗಿ ಉಂಡವರ ಪ್ರಾರ್ಥನೆ! ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಅಂಥ ಭಾನುವಾರ ಬಂದದ್ದೇ ಇಲ್ಲ.

ಪುಸ್ತಕ ಹಿಂದಿರುಗಿಸುವಾಗ ಟೀಚರಿಗೆ ಇದನ್ನೇ ಹೇಳಿದೆ. "ನಮ್ಮನೆಯಲ್ಲೂ ಬಂದಿಲ್ಲ ಮೇಡಂ" ಎಂದು ನಕ್ಕರು.

ಈಗ ಒಲೆ ಹಚ್ಚುವ ಮುನ್ನ ನಾನೂ ಒಂದು ಮಾತು ಹೇಳಿಕೊಳ್ಳುತ್ತೇನೆ. ಕಳೆದ ಭಾನುವಾರ ಮಗನ ಕೈಗೆ ಸೌಟು ಕೊಟ್ಟು ಹೊರಗೆ ಕೂತೆ. ಸಾರಿಗೆ ಉಪ್ಪೆಷ್ಟು ಎಂದು ಮೂರು ಸಲ ಕೇಳಿದ.