ಖ್ಯಾತಿವಾದ

ಭ್ರಮೆಯು ಹೇಗೆ ಹುಟ್ಟುತ್ತದೆ, ಅದರಲ್ಲಿ ತೋರುವ ವಸ್ತುವಿನ ಸ್ವರೂಪವೇನು ಎಂಬುದನ್ನು ಕುರಿತು ಭಾರತೀಯ ದರ್ಶನಗಳು ಪ್ರತಿಪಾದಿಸಿದ ಸಿದ್ಧಾಂತಗಳ ಸಮುದಾಯ. ಖ್ಯಾತಿಯೆಂದರೆ ಇಲ್ಲಿ ಪ್ರತೀತಿ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಬಗೆದು ಬೆದರುವುದು, ಹೊಳೆಯುವ ಚಿಪ್ಪನ್ನು ಬೆಳ್ಳಿಯೆಂದು ಬಗೆದು ಬಾಗುವುದು, ಕಾಮಾಲೆಯಾದವನಿಗೆ ಶಂಖವು ಹಳದಿಯಾಗಿ ತೋರುವುದು, ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ಕಾಣುವುದು ಇವು ಶಾಸ್ತ್ರಗ್ರಂಥಗಳಲ್ಲಿ ಮೇಲಿಂದ ಮೇಲೆ ಬರುವ ದೃಷ್ಟಾಂತಗಳು. ಕಡೆಯ ಎರಡರಲ್ಲಿ ದೋಷವು ಇಂದ್ರಿಯವನ್ನೋ ಬಳಿಯ ವಸ್ತುವೆಂಬ ಉಪಾಧಿಯನ್ನೋ ಆಶ್ರಯಿಸಿದ್ದರೆ, ಮೊದಲಿನ ಎರಡರಲ್ಲಿ ನೋಡುವವನ ಪೂರ್ವಸಂಸ್ಕಾರವೂ ಭಯಲೋಭಗಳೂ ಬಂದು ಬೆರೆಯುತ್ತವೆ. ನಮ್ಮ ನಿತ್ಯದ ಅನುಭವವನ್ನು ಮನಸ್ಸು ಎಷ್ಟರಮಟ್ಟಿಗೆ ರೂಪಿಸುತ್ತದೆಂಬ ವಿಚಾರಕ್ಕೆ ಇವೇ ಮುಖ್ಯವಾದುವು.

ಪ್ರಮುಖ ಮತಗಳು: ಚಿಪ್ಪಿನಲ್ಲಿ ತೋರಿದ ಬೆಳ್ಳಿಯು ವಿಜ್ಞಾನದ, ಎಂದರೆ ಅರಿವಿನ, ಆಕಾರವೇ ಹೊರತು ಬಾಹ್ಯವಲ್ಲವೆಂಬುದು ಯೋಗಾಚಾರ ಬೌದ್ಧರ ಆತ್ಮಖ್ಯಾತಿ. ಇಲ್ಲದ ವಸ್ತುವೇ ತೋರುತ್ತದೆಂಬ, ಮಾಧ್ಯಮಿಕ ಬೌದ್ಧರದೆಂದು ಪ್ರತಿಪಕ್ಷಿಗಳು ಹೇಳುವ ಅಸತ್‌ಖ್ಯಾತಿಯನ್ನು ಅವರು ನಿಜವಾಗಿ ಆ ರೂಪದಲ್ಲಿಯೇ ಒಪ್ಪಿದ್ದರೆಂದು ನಿಶ್ಚಯಿಸುವುದು ಕಷ್ಟ. ಅದ್ವೈತಿಗಳು ಆ ಬೆಳ್ಳಿಯನ್ನು ಸತ್ತೆಂದಾಗಲಿ ಅಸತ್ತೆಂದಾಗಲಿ ನಿರ್ವಚಿಸಲಾಗದೆಂದು ಅನಿರ್ವಚನೀಯ ಖ್ಯಾತಿಯನ್ನು ಸ್ಥಾಪಿಸಿದರು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಭೂತಗಳು ಪರಸ್ಪರ ಮಿಶ್ರವಾಗಿರುವುದರಿಂದ ಚಿಪ್ಪಿನಲ್ಲಿಯೂ ಬೆಳ್ಳಿಯ ಅಂಶವು ಅಲ್ಪವಾಗಿ ಉಂಟೆಂದೂ ಆದುದರಿಂದ ಜ್ಞಾನವೆಲ್ಲವೂ ಯಥಾರ್ಥವೆಂದೂ ಸಾಧಿಸಿದರೆ, ಉಡುಪಿಯ ಮಧ್ವಾಚಾರ್ಯರ ಪರಂಪರೆಯು ಚಿಪ್ಪು ಸತ್ಯ, ತೋರಿದ ಬೆಳ್ಳಿ ಅತ್ಯಂತ ಅಸತ್ತು ಎಂದು ಅಭಿನವಾನ್ಯಥಾಖ್ಯಾತಿಯನ್ನು ಪ್ರತಿಪಾದಿಸಿತು. ಇವುಗಳಲ್ಲಿ ಹಳೆಯ ವಾದಗಳನ್ನು ಒಟ್ಟಿಗೆ ಪರೀಕ್ಷಿಸಿದ ಪ್ರಾಚೀನ ಕೃತಿಗಳಲ್ಲಿ ಮಂಡನಮಿಶ್ರನ ‘ವಿಭ್ರಮವಿವೇಕ’ವು ಗಣ್ಯವಾದುದು. ಮಂಡನನೇ ಮುಂದೆ ಸುರೇಶ್ವರಾಚಾರ್ಯನಾಗಿ ಶೃಂಗೇರಿಯ ಪೀಠವನ್ನೇರಿದನೆಂಬುದು ಸಂಪ್ರದಾಯ; ಆದರೆ ಮೈಸೂರಿನ ಎಂ. ಹಿರಿಯಣ್ಣನವರು (1871–1950) ಇಬ್ಬರ ಸಿದ್ಧಾಂತಭೇದಗಳನ್ನು ತೋರಿಸಿ ಈ ಐಕ್ಯವನ್ನು ಶಂಕಿಸಿದ್ದಾರೆ.

ಪ್ರಾಭಾಕರ ಮತ: ಮೀಮಾಂಸಕನಾದ ಪ್ರಭಾಕರನ ಅಖ್ಯಾತಿವಾದವು ಇವೆಲ್ಲಕ್ಕಿಂತ ಸೂಕ್ಷ್ಮವೆಂದು ಹೇಳಿದರೆ ತಪ್ಪಾಗಲಾರದು. ಅವನ ಮತದಲ್ಲಿ ಮಿಥ್ಯಾಜ್ಞಾನವೆಂಬುದೇ ಇಲ್ಲ. ‘ಇದು’ ಎಂಬುದು ಪ್ರತ್ಯಕ್ಷ, ‘ಬೆಳ್ಳಿ’ ಎಂಬುದು ಸ್ಮೃತಿ; ಹಿಂದೆ ಕಂಡುದೆಂಬ ಗುರುತನ್ನು ಕಳೆದುಕೊಂಡು ಬಂದ ಆ ಸ್ಮೃತಿಗೂ ಎದುರಿನ ಪ್ರತ್ಯಕ್ಷಕ್ಕೂ ಇರುವ ಭೇದವನ್ನು ಗ್ರಹಿಸದೆ ಹೋಗುವುದರಿಂದಲೇ ಮನುಷ್ಯನು ಚಿಪ್ಪಿನತ್ತ ಕೈಚಾಚುತ್ತಾನೆ. ತಪ್ಪು ಇರುವುದು ಜ್ಞಾನದಲ್ಲಲ್ಲ, ಪ್ರವೃತ್ತಿಯಲ್ಲಿ. ಕೇವಲ ಅಗ್ರಹಣವೆಂಬ ಅಭಾವವು ಮನುಷ್ಯನನ್ನು ಕ್ರಿಯೆಗೆ ಹೇಗೆ ಪ್ರೇರಿಸೀತು ಎಂಬ ಪ್ರತಿಪಕ್ಷಿಗಳ ಆಕ್ಷೇಪವು ಬಲವಾದುದೇ ಸರಿ. ಆದರೂ ನೆನಪು ತಾನು ನೆನಪೆಂದು ಹೇಳಿಕೊಳ್ಳದೆ ಕಣ್ಣೆದುರಿನ ವಸ್ತುವಿನೊಡನೆ ಬಂದು ನಿಲ್ಲುವುದೆಂಬ ಈ ನಿರೂಪಣೆಯ ಬೆಲೆ ಅದರಿಂದ ಕುಂದುವುದಿಲ್ಲ.

ನ್ಯಾಯಮತ ಮತ್ತು ಚಂದನದ ದೃಷ್ಟಾಂತ: ನೈಯಾಯಿಕರ ಅನ್ಯಥಾಖ್ಯಾತಿಯಂತೆ, ಬೇರೆಡೆ ಇರುವ ಬೆಳ್ಳಿಯೇ ಇಲ್ಲಿಯ ಚಿಪ್ಪಿನಲ್ಲಿ ಭಾಸವಾಗುತ್ತದೆ. ದೂರದ ಬೆಳ್ಳಿಗೂ ಕಣ್ಣಿಗೂ ಸಂಬಂಧವೆಂತು ಎಂಬ ಪ್ರಶ್ನೆಗೆ ನವ್ಯನ್ಯಾಯವು ಕೊಟ್ಟ ಉತ್ತರ ‘ಜ್ಞಾನಲಕ್ಷಣ ಸನ್ನಿಕರ್ಷ’: ಪೂರ್ವಜ್ಞಾನವೇ ಇಂದ್ರಿಯಕ್ಕೂ ವಿಷಯಕ್ಕೂ ನಡುವೆ ಸೇತುವೆಯಾಗುತ್ತದೆ. ಇದಕ್ಕೆ ಅವರು ಕೊಟ್ಟ ಉದಾಹರಣೆ ಭ್ರಮೆಯದಲ್ಲವೆಂಬುದು ವಿಶೇಷ. ಮೂಗಿಗೆ ಕಂಪು ತಾಗದಷ್ಟು ದೂರದಲ್ಲಿರುವ ಗಂಧದ ಕೊರಡನ್ನು ಕಂಡೊಡನೆಯೇ ‘ಚಂದನ ಸುರಭಿಯಾಗಿದೆ’ ಎಂದು ತೋರುತ್ತದೆ. ಹಿಂದೆ ಆಘ್ರಾಣಿಸಿದ ಗಂಧವು ಇಂದಿನ ನೋಟದೊಳಗೆ ಸೇರಿಕೊಂಡಿದೆ. ಹೀಗಾದರೆ ತಪ್ಪು ತಿಳಿವಳಿಕೆಯಲ್ಲಿ ಮಾತ್ರವಲ್ಲದೆ ಯಥಾರ್ಥವಾದ ವ್ಯವಹಾರದಲ್ಲಿಯೂ ನಾವು ನೋಡುವುದರಲ್ಲಿ ಬಹುಭಾಗ ಹಿಂದೆ ತಿಳಿದುದೇ ಆಗಿರುತ್ತದೆ. 17ನೆಯ ಶತಮಾನದ ಅದ್ವೈತಿ ಧರ್ಮರಾಜಾಧ್ವರೀಂದ್ರನು ‘ವೇದಾಂತಪರಿಭಾಷೆ’ಯಲ್ಲಿ, ಸೌರಭವೂ ಪ್ರತ್ಯಕ್ಷವೆಂಬುದನ್ನು ಒಪ್ಪದೆ, ಆ ಜ್ಞಾನವು ಚಂದನಾಂಶದಲ್ಲಿ ಅಪರೋಕ್ಷ, ಸೌರಭಾಂಶದಲ್ಲಿ ಪರೋಕ್ಷವೆಂದು ವಿಭಾಗಿಸಿದನು. ಒಂದೇ ಅನುಭವವನ್ನು ಹೀಗೆ ಸೀಳಬಹುದೇ ಎಂಬುದು ಇಂದಿಗೂ ವಿಚಾರಾರ್ಹ.

ಆಧುನಿಕ ಮನಶ್ಶಾಸ್ತ್ರ: ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸನು 19ನೆಯ ಶತಮಾನದಲ್ಲಿ, ಪೂರ್ವಾನುಭವದ ಬಲದಿಂದ ಮನಸ್ಸು ತನಗರಿವಿಲ್ಲದೆ ಮಾಡುವ ಅನುಮಾನವೇ ದೃಶ್ಯಗ್ರಹಣಕ್ಕೆ ಆಧಾರವೆಂದನು. ಚಂದನದ ದೃಷ್ಟಾಂತದೊಡನೆ ಇದರ ಸಾಮ್ಯವು ಗಮನಾರ್ಹ, ಆದರೆ ನೈಯಾಯಿಕರು ಚಂದನಸೌರಭದ ಜ್ಞಾನವನ್ನು ಅನುಮಾನವೆನ್ನದೆ ಪ್ರತ್ಯಕ್ಷವೆಂದೇ ಎಣಿಸಿದುದರಿಂದ ಎರಡನ್ನೂ ಒಂದೆಂದು ಭಾವಿಸುವುದು ಸಾಧುವಲ್ಲ.